ಎರಡು ತುಳಿತದ ಯಜಮಾನರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ದಾರಿಗಳು ಕೂಡುವ ಕೆ.ಬಿ. ಕ್ರಾಸಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಯಜಮಾನರು ಸಿಕ್ಕೇ ಸಿಗುತ್ತಾರೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬಿಳಿ ಅಂಬಾಸಿಡರ್. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರನ್ನು ನಿಲ್ಲಿಸಿಬಿಟ್ಟಿತು. ಇವರ ಕೈಲಿ ಮಾತ್ರ ಅದನ್ನು ನಿಲ್ಲಿಸುವುದು ಇನ್ನೂ ಆಗಿಲ್ಲ.

ಯಾರಾದರೂ ಮದುವೆಗೆಂದು ಗಾಡಿ ಕೇಳಿದರೆ ಕೀಲಿಯ ಜೊತೆ ಉಪದೇಶವೂ ಬರುತ್ತದೆ: "ಬ್ರೇಕ್ ಎರಡು ಸಲ ತುಳೀಬೇಕು ಕಣಪ್ಪ. ಮೊದಲನೇದು ನೋಟೀಸು, ಎರಡನೇದು ಜಪ್ತಿ."

ಮೆಕ್ಯಾನಿಕ್ ಹುಡುಗ ಹೇಳಿ ಹೇಳಿ ಸೋತಿದ್ದಾನೆ. "ಯಜಮಾನ್ರೇ, ಪೆಡಲ್ ಸ್ಪಂಜಿನಂಗೆ ಮೆತ್ತಗಿದ್ರೆ ಏರ್ ಸೇರ್ಕೊಂಡದೆ ಅಂತ. ನಿಮ್ಮದು ಹಂಗಲ್ಲ. ಲೈನರ್ ಸವೆದು ಶೂಗೂ ಡ್ರಮ್ಮಿಗೂ ಮಧ್ಯ ಸಂದು ಬಿದ್ದದೆ. ಮೊದಲ ತುಳಿತ ಆ ಸಂದಿಗೇ ಖರ್ಚಾಯ್ತದೆ. ಹಿಂದಲ ಚಕ್ರ ಜಾಕ್ ಹೊಡೆದು ಎತ್ತಿ, ಹ್ಯಾಂಡ್ ಬ್ರೇಕ್ ಬಿಟ್ಟು, ಅಡ್ಜಸ್ಟರ್ ಬಿಗೀತೀನಿ. ಚಕ್ರ ಹಿಡ್ಕೊಂಡ ಮೇಲೆ ಸಲೀಸಾಗಿ ತಿರುಗೋವಷ್ಟು ಸಡ್ಲ ಬಿಡ್ತೀನಿ. ಅರ್ಧ ಗಂಟೆ ಕೂತ್ಕೊಳಿ."

ಅಟ್ಟದ ಮೇಲಿನ ಕಾಯಿ ಒಣಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳಾಡುವ ತನಕ ವರ್ಷಕ್ಕೆ ಹತ್ತಿರ ಕಾಯುವ ತಾಳ್ಮೆ ಯಜಮಾನರದು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿಯ ಜಾತಕ ಹೇಳಬಲ್ಲರು. ಆದರೆ ಅರ್ಧ ಗಂಟೆ? "ಕೊಬ್ಬರಿ ರೇಟು ಏರ್ಲಿ, ನೋಡಾನ" ಅನ್ನುತ್ತಾರೆ. ರೇಟು ಏರಿದರೆ, "ಇನ್ನೂ ಏರ್ಲಿ!"

ಅಲ್ಲಿಯವರೆಗೆ ಸ್ವಂತ ವೈದ್ಯ. ಹ್ಯಾಂಡ್ ಬ್ರೇಕಿನ ಕೇಬಲ್ ಎಳೆದು ಬಿಗಿಯುತ್ತಾರೆ. ಮೊದಲು ಶೂ ಸರಿಮಾಡಬೇಕು, ಕೇಬಲ್ ಕೊನೆಗೆ ಎಂಬುದು ಹುಡುಗನ ಶಾಸ್ತ್ರ. ಉಲ್ಟಾ ಮಾಡಿದ್ದಕ್ಕೆ ಶೂ ಸದಾ ಉಜ್ಜಿ ಡ್ರಮ್ಮು ಕಾಯುತ್ತದೆ. ಯಜಮಾನರು ಮುಟ್ಟಿ ನೋಡಿ ಹಿಗ್ಗುತ್ತಾರೆ: "ಕಾದೈತೆ ಅಂದ್ರೆ ಕೆಲ್ಸ ಮಾಡ್ತಾ ಐತೆ ಅಂತ!"

ಕಡೆಗೆ ಹಬ್ಬಕ್ಕೆ ಬಂದ ಬೆಂಗಳೂರಿನ ಮಗ, ಅಪ್ಪ ಎಪಿಎಂಸಿಯಲ್ಲಿ ಕೊಬ್ಬರಿ ಟೆಂಡರ್ ನೋಡುತ್ತಿದ್ದಾಗ ಗುಟ್ಟಾಗಿ ಗಾಡಿ ಒಯ್ದು ಬ್ರೇಕು ಸರಿಮಾಡಿಸಿ ತಂದ. ವಾಪಸು ಹೊರಟಾಗ ಅಡ್ಡ ಬಂದ ಮೇಕೆ ನೋಡಿ ಯಜಮಾನರು ಅಭ್ಯಾಸದಂತೆ ನೋಟೀಸು ಕೊಟ್ಟರು. ಗಾಡಿ ಅಲ್ಲೇ ಜಪ್ತಿಯಾಯಿತು. ಯಜಮಾನಿಯ ಹಣೆ ಡ್ಯಾಶ್‌ಬೋರ್ಡಿಗೆ, ಹಿಂದಿನ ಸೀಟಿನ ಬಾಳೆಗೊನೆ ಯಜಮಾನರ ಬೆನ್ನಿಗೆ.

ಮಾರನೇ ದಿನ ಬೆಳಿಗ್ಗೆ ಗ್ಯಾರೇಜು ತೆಗೆಯುವ ಮೊದಲೇ ಹಾಜರು: "ಲೇ, ಬ್ರೇಕು ಕೆಟ್ಟೋಗೈತೆ. ಒಂದೇ ಸಲಕ್ಕೆ ಹಿಡೀತದೆ. ಮೊದಲಿನಂಗೆ ಮಾಡ್ಕೊಡು. ಎಷ್ಟೊತ್ತಾದ್ರೂ ಕೂತಿರ್ತೀನಿ!"