ಅವ್ವನ ಖರೇ ಹೆಸರು

"ಮಾಸ್ತರ, ನನ್ನ ಖರೇ ಹೆಸರ ಯಾವದ್ರಿ?"

ಹಿತ್ತಲಲ್ಲಿ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದೆ. ಬೇಲಿಯಾಚೆ ಪುಂಡಿಪಲ್ಲೆ ಸೋಸುತ್ತ ಕೂತಿದ್ದ ಪಕ್ಕದ ಮನೆಯ ತಂಗೆವ್ವ ಹೀಗೆ ಕೇಳಿದಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಕಿ ಮಾಡಿದವನು ನಾನು. ಎಂಥೆಂಥ ಪ್ರಶ್ನೆಗೋ ಉತ್ತರ ಹೇಳಿದ್ದೇನೆ. ಇದಕ್ಕೆ ಮಾತ್ರ ಕಡ್ಡಿ ಬಾಯಲ್ಲೇ ಉಳಿಯಿತು.

"ಯಾಕವಾ, ಮುಂಜಾನೆ ಮುಂಜಾನೆ?"

"ರಾತ್ರಿ ನಮ್ಮ ಹುಡುಗ ಫೋನ್ ಹಚ್ಚಿದ್ದರಿ. 'ಯವ್ವಾ, ನಿನ್ನ ಖರೇ ಹೆಸರ ಯಾವದು' ಅಂದ. ಥಂಡ್ಯಾಗ ಹುಡುಗನ ತಲಿ ಏನಾರ ಆತೇನೋ ಅಂತ ಜೀವ ಝಲ್ ಅಂತು."

ಹುಡುಗನ ತಲೆ ನೆಟ್ಟಗೇ ಇತ್ತು. ಅವನು ಅಗ್ನಿವೀರ, ನಾಲ್ಕು ವರ್ಷದಲ್ಲಿ ಮೂರನೆಯದು ನಡೆದಿದೆ. ಪಲ್ಟನ್ನು ಲಡಾಖಿನ ಎತ್ತರದ ಠಾಣೆಗೆ ಹೊರಟಿದೆ. ಹೊರಡುವ ಮುಂಚೆ ಎಲ್ಲರ ಕಾಗದಪತ್ರ ತಿರುವಿ ನೋಡಿದ ಕ್ಲರ್ಕ್ ಸಾಹೇಬರಿಗೆ ಇವನ ಲೆಕ್ಕದಲ್ಲಿ ಮೂವರು ತಾಯಂದಿರು ಸಿಕ್ಕಿದ್ದಾರೆ. ಶಾಲೆಯ ದಾಖಲೆಯಲ್ಲಿ ಒಬ್ಬಳು, ಆಧಾರಿನಲ್ಲಿ ಇನ್ನೊಬ್ಬಳು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಬ್ಬಳು. ನಾಮಿನಿ ಇವರಲ್ಲಿ ಯಾರು?

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಮೂರಿವೆ, ನನ್ನದೊಂದು ನಾಲ್ಕನೆಯದು ಬೇಡ. ತವರಿನಲ್ಲಿ ಇಟ್ಟದ್ದು 'ವ್ವ' ಎಂದು ಮುಗಿಯುವ ಹೊಳೆಯ ಹೆಸರು. ಮದುವೆಯಾದ ದಿನ ಅತ್ತೆಯ ಮನೆಯವರು ಅದನ್ನು ಬಿಡಿಸಿ ತಮ್ಮ ದೇವಿಯ ಹೆಸರಿಟ್ಟರು. ನಮ್ಮ ಕಡೆ ಇದೇನು ಹೊಸದಲ್ಲ. ಆಧಾರಿನಲ್ಲಿ ಆ ದೇವಿಯೇ ಇದ್ದಾಳೆ. ಹುಟ್ಟಿದ ತಾರೀಕು ಗೊತ್ತಿಲ್ಲ ಅಂದದ್ದಕ್ಕೆ ಜನವರಿ 1 ಅಂತ ಬರೆದುಕೊಂಡಿದ್ದಾರೆ. ಬ್ಯಾಂಕಿನಲ್ಲಿ ಬೆಂಗಳೂರು ಕಡೆಯಿಂದ ಬಂದಿದ್ದ ಯಾವನೋ ಪುಣ್ಯಾತ್ಮ ಅದೇ ದೇವಿಗೆ 'ಮ್ಮ' ಹಚ್ಚಿ ಕೂರಿಸಿದ್ದಾನೆ. ಊರಲ್ಲಿ ಎಲ್ಲರೂ ಕರೆಯುವುದು ತಂಗೆವ್ವ ಅಂತ. ಕರೆದಾಗ ಓ ಅಂದರೆ ಸಾಕಿತ್ತು, ಇಪ್ಪತ್ತೈದು ವರ್ಷ ಯಾರಿಗೂ ಏನೂ ಅಡಚಣೆಯಾಗಿರಲಿಲ್ಲ.

"ಸಾಲ್ಯಾಗ ನನ್ನ ತವರಮನಿ ಹೆಸರ ಯಾರ ಬರಿಸಿದ್ರೋ ಏನೋ!" ಅಂದಳು.

ಬರೆದವನು ಈ ಕಡೆ ಬೇವಿನ ಕಡ್ಡಿ ಹಿಡಿದು ನಿಂತಿದ್ದ. ಹುಡುಗನನ್ನು ಒಂದನೆತ್ತಕ್ಕೆ ಹಚ್ಚಲು ಬಂದವನು ಅವನ ಸೋದರಮಾವ. "ತಾಯಿ ಹೆಸರೇನಪಾ?" ಅಂದೆ. ಅಕ್ಕನನ್ನು ಆತ ಯಾವ ಹೆಸರಿನಿಂದ ಬಲ್ಲನೋ ಅದನ್ನು ಹೇಳಿದ. ನಾನು ಬರೆದೆ. ಅದೇ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಭರ್ತಿಯ ಕಾಗದಕ್ಕೆ ಹೋಯಿತು, ಅಲ್ಲಿಂದ ಲಡಾಖಿಗೂ ಹೋಯಿತು. ಇದು ನನ್ನ ಒಂದೇ ತಪ್ಪೂ ಅಲ್ಲ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಶಾಲೆ ತೆರೆಯುವ ದಿನಕ್ಕೆ ಲೆಕ್ಕ ಸರಿಹೋಗಲಿ ಅಂತ ಮಾಸ್ತರರೆಲ್ಲ ಹೀಗೆ ಸೂಲಗಿತ್ತಿ ಕೆಲಸವನ್ನೂ ಮಾಡಿದ್ದೇವೆ.

ತಪ್ಪೊಪ್ಪಿಕೊಂಡೆ. ಆಕೆ ಬೈಯಲಿಲ್ಲ. "ಹಂಗಾರ ನೀವ ಸರಿ ಮಾಡಿ ಕೊಡ್ರಿ" ಅಂದು ಪುಂಡಿಪಲ್ಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ನಮ್ಮ ಕುಂದಗೋಳ ತಾಲೂಕಿನವರಿಗೆ ಆ ಎತ್ತರದ ಜಾಗ ಎಂಥದು ಅಂತ ನಕಾಶೆ ಹರವಿ ತೋರಿಸಬೇಕಾಗಿಲ್ಲ. 2016ರ ಫೆಬ್ರುವರಿಯಲ್ಲಿ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಸಿಯಾಚಿನ್ನಿನಲ್ಲಿ, 19,600 ಅಡಿ ಎತ್ತರದ ಠಾಣೆಯ ಹಿಮದೊಳಗಿಂದ ಆರು ದಿನದ ಮೇಲೆ ಜೀವಂತ ತೆಗೆದಾಗ ಇಲ್ಲಿ ದೀಪ ಹಚ್ಚದ ಗುಡಿಯಿರಲಿಲ್ಲ. 11ನೇ ತಾರೀಕು ದಿಲ್ಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಅಂದಿನಿಂದ ಈ ಕಡೆಯ ತಾಯಂದಿರು ಮಕ್ಕಳು ಫೋನ್ ಮಾಡಿದರೆ "ಉಂಡೆಯೇನು" ಅನ್ನುವುದಕ್ಕಿಂತ ಮುಂಚೆ "ಎಷ್ಟ ಎತ್ತರದಾಗ ಅದೀಯೋ" ಅಂತ ಕೇಳುತ್ತಾರೆ.

ಎತ್ತರಕ್ಕೆ ಒಮ್ಮೆಗೇ ಹತ್ತಿಸುವುದಿಲ್ಲ. ಮೊದಲು ಆರು ದಿನ, ಮೇಲೆ ನಾಲ್ಕು ದಿನ, ಇನ್ನೂ ಮೇಲೆ ಮತ್ತೆ ನಾಲ್ಕು ದಿನ ನಿಲ್ಲಿಸಿ ರಕ್ತಕ್ಕೆ ಅಲ್ಲಿನ ಗಾಳಿ ರೂಢಿ ಮಾಡಿಸುತ್ತಾರೆ. ಒಟ್ಟು 14 ದಿನ. ಅಷ್ಟರೊಳಗೆ ನಮ್ಮ ಕಾಗದ ಅಲ್ಲಿ ಮುಟ್ಟಬೇಕು. ಮೇಲೆ ಹೋದರೆ ಫೋನು ಸಿಕ್ಕರೆ ಸಿಕ್ಕಿತು.

ಅಂಕಪಟ್ಟಿ ತಿದ್ದಿಸಲು ಹೊರಟರೆ ಹುಡುಗನ ನಾಲ್ಕು ವರ್ಷ ಮುಗಿದು ಮನೆಗೆ ಬಂದಿರುತ್ತಾನೆ. ಎಲ್ಲ ಹೆಸರೂ ಒಬ್ಬಳದೇ ಅಂತ ಅಫಿಡವಿಟ್ ಮಾಡಿಸುವುದು ಅಂತಾಯಿತು. ಮೊದಲು 20 ರೂಪಾಯಿಗೆ ಸಿಗುತ್ತಿದ್ದ ಬಾಂಡು ಈಗ 100. ನಾನೇ ಕೂತು ಚೆಂದದ ಕನ್ನಡದಲ್ಲಿ ಬರೆದುಕೊಟ್ಟೆ, ವಕೀಲರ ಹತ್ತಿರ ಸಿಕ್ಕಾ ಹೊಡೆಸಿ ಫೋಟೋ ತೆಗೆದು ಕಳಿಸಿದೆವು. ರಾತ್ರಿ ಉತ್ತರ ಬಂತು: ಕ್ಲರ್ಕ್ ಸಾಹೇಬರು ಉತ್ತರ ಪ್ರದೇಶದವರು, ಕನ್ನಡ ಬರುವುದಿಲ್ಲ. ಬರೆಯುವಾಗ ನನ್ನ ತಲೆಗೆ ಇದು ಹೊಳೆಯಲೇ ಇಲ್ಲ, ನೋಡಿ. ಎರಡನೆಯ ಬಾಂಡು ಇಂಗ್ಲಿಷಿನಲ್ಲಿ. ಟೈಪಿನ ಹುಡುಗ 'ವ್ವ'ಕ್ಕೆ ಎರಡು ಡಬ್ಲ್ಯೂ ಹೊಡೆದ; ಪಲ್ಟನ್ನಿನ ದಾಖಲೆಯಲ್ಲಿ ಎರಡು ವಿ. ಅದೂ ತಿರುಗಿ ಬಂತು. ಮೂರನೆಯದಕ್ಕೆ ನಾನು ಕಣ್ಣಿಗೆ ಕನ್ನಡಕ ಏರಿಸಿ ಟೈಪಿನವನ ಹೆಗಲ ಮೇಲೆಯೇ ಬಾಗಿ ನಿಂತೆ. ಹೆಸರುಗಳ ನಡುವೆ 'ಉರ್ಫ್' ಅಂತ ಹಾಕಿಸಿದೆ. ಪೊಲೀಸು ಪಂಚನಾಮೆಯಲ್ಲಿ ಕಳ್ಳರಿಗೆ ಹಾಕುವ ಶಬ್ದ ಅದು, ಆಕೆಗೆ ನಾನು ಹೇಳಲಿಲ್ಲ.

ಅಲ್ಲಿಯೇ ಒಂದು ಪ್ರಸಂಗ ನಡೆಯಿತು. ಇಷ್ಟೆಲ್ಲ ಯಾತಕ್ಕೆ ಅಂತ ವಕೀಲರ ಕಾರಕೂನ ಕೇಳಿದ. ವಿಮೆಯ ನಾಮಿನಿಗೆ ಅಂದೆ. "ಓಹೋ, ಅಗ್ನಿವೀರರಿಗೆ ಪಿಂಚಣಿ ಇಲ್ಲ, ವಿಮಾ ಐತಿ. 48 ಲಕ್ಷ. ಕಂತ ಸೈತ ಕಟ್ಟೂಹಂಗಿಲ್ಲ!" ಅಂತ ಆತ ಭಾಳ ಹುರುಪಿನಿಂದ ಹೇಳಿದ.

"ಅಷ್ಟ ರೊಕ್ಕ ಯಾವಾಗ ಕೊಡ್ತಾರ್ರಿ?" ಅಂದಳು ತಂಗೆವ್ವ.

ಕಾರಕೂನ ಸಿಕ್ಕಾದ ಡಬ್ಬಿ ಮುಚ್ಚಿದ. ನಾನು ಹೊರಗೆ ಬಸ್ಸು ಬಂತೇನೋ ಅಂತ ನೋಡಿದೆ. ಆಕೆಗೆ ತಿಳಿಯಿತು. ಹೆಬ್ಬೆಟ್ಟು ಒತ್ತುವ ಜಾಗದಲ್ಲಿ, ಸಹಿ ಮಾಡಲು ಬರುತ್ತಿದ್ದರೂ, ಬಹಳ ಹೊತ್ತು ಸುಮ್ಮನೆ ಬೆರಳಿಟ್ಟುಕೊಂಡು ಕೂತಿದ್ದಳು. ಆಮೇಲೆ ಸಹಿ ಮಾಡಿದಳು, ತವರಿನ ಹೆಸರಿನಲ್ಲಿ.

ಹತ್ತು ದಿನದಲ್ಲಿ ತಾಲೂಕಿಗೆ ಆರು ಸಲ ಹೋಗಿಬಂದಿದ್ದಾಳೆ. ಎರಡು ದಿನದ ಕೂಲಿ ಬಿಟ್ಟಿದ್ದಾಳೆ. ಸಂಜೆ ಮಗನ ಫೋನು ಬಂದರೆ ಬೇಲಿಯಾಚೆಯಿಂದ ನನಗೆ ಎಲ್ಲ ಕೇಳುತ್ತದೆ. "ಏನ್ ತ್ರಾಸ ಇಲ್ಲೋ ತಮ್ಮಾ, ಮಾಸ್ತರ ಅದಾರ, ಎರಡ ಮಿನಿಟಿನ ಕೆಲಸ" ಅನ್ನುತ್ತಾಳೆ. ಅತ್ತಲಿಂದ ಹುಡುಗ ಹೇಳುವುದನ್ನು ಆಮೇಲೆ ನನಗೆ ವರದಿ ಮಾಡುತ್ತಾಳೆ: "ಅಲ್ಲೇನ ಥಂಡಿ ಇಲ್ಲಂತರಿ, ನಮ್ಮೂರ ಹಂಗ ಐತಂತ." ಲಡಾಖಿನ ಚಳಿಗಾಲ ಕುಂದಗೋಳದ ಹಂಗೆ! ಆಕೆಯೂ ನಂಬಿಲ್ಲ, ಅವನೂ ನಂಬಿಲ್ಲ. ಇಬ್ಬರೂ ಸುಳ್ಳು ಹೇಳಿ ಇಬ್ಬರೂ ನೆಮ್ಮದಿಯಿಂದ ಫೋನಿಡುತ್ತಾರೆ. ಕಾಗದ ಮಾಡಿಸುವುದಕ್ಕಿಂತ ಈ ಕೆಲಸ ಕಠಿಣವಿತ್ತು ಅಂತ ನನ್ನ ಲೆಕ್ಕ. ನನ್ನ ಮಗ ಪುಣೆಯಲ್ಲಿ ಎಸಿ ಕೋಣೆಯಲ್ಲಿ ಕೂತಿರುತ್ತಾನೆ. ಅವನ ಒಂದು ಪಾಸ್‌ಪೋರ್ಟ್ ಅರ್ಜಿಗೆ ನಾನು ದಿನಕ್ಕೆ ನಾಲ್ಕು ಸಲ "ಆತೇನೋ, ಆತೇನೋ" ಅಂತ ಫೋನು ಮಾಡಿ ಅವನ ಜೀವ ತಿಂದಿದ್ದೆ.

ಮೂಲ ಪ್ರತಿ ಟಪಾಲಿಗೆ ಹಾಕಲು ಹೋದರೆ ಅಲ್ಲಿಯೂ ಒಂದು ಗೊಡವೆ. ವಿಳಾಸದಲ್ಲಿ ಊರಿಲ್ಲ; ಪಲ್ಟನ್ನಿನ ಹೆಸರು, ಅದರ ಮುಂದೆ 56 ಎಪಿಒ, 9ರಿಂದ ಶುರುವಾಗುವ ಪಿನ್‌ಕೋಡು. "ಇದು ಯಾವೂರಾಗ ಬರ್ತೈತ್ರಿ?" ಅಂತ ತಂಗೆವ್ವ ಕೇಳಿದಳು. ಎಲ್ಲಿದ್ದಾರೆ ಅನ್ನುವುದು ಗೊತ್ತಾಗಬಾರದು ಅಂತಲೇ ಹೀಗೆ ಬರೆಯುತ್ತಾರೆ ಎಂದೆ. "ತಾಯಿಗೂ ಗೊತ್ತಾಗಬಾರದೇನ್ರಿ?" ಅಂದಳು. ಅಂಚೆಯವರು ಲಕೋಟೆಯನ್ನು ಮುದ್ದೆಯಾಗದ ಹಾಗೆ ಬೇರೆಯಾಗಿ ಎತ್ತಿಟ್ಟರು.

ಹದಿಮೂರನೆಯ ದಿನ ರಾತ್ರಿ ಫೋನು ಬಂತು. ಸಾಹೇಬರು ಒಪ್ಪಿದ್ದಾರೆ, ಪಾರ್ಟ್ ಟು ಆರ್ಡರ್ ಬೀಳುತ್ತದೆ. ಫೌಜಿನಲ್ಲಿ ಅದು ಬಿದ್ದರೇ ಹುಟ್ಟಿದ್ದೂ ಖರೆ, ಮದುವೆಯಾದದ್ದೂ ಖರೆ. ಬೇಲಿಯಾಚೆಯಿಂದ ಅತ್ತೆ ಮುದುಕಿಯ ಧ್ವನಿ ಕೇಳಿಸಿತು: "ನಾ ಇಟ್ಟ ಹೆಸರ ಹಿಂದ ಹಾಕಿ, ಅವರಿಟ್ಟದ್ದ ಮುಂದ ಹಾಕ್ಯಾರಂತ ಮಾಸ್ತರ!" ಮಾಸ್ತರ ದೀಪ ಆರಿಸಿ ಮಲಗಿಕೊಂಡ.

ಮರುದಿನ ಬಾಂಡಿನ ಝೆರಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ ಅಂತ ಹೇಳಿದಳು. ಗೆದ್ದಲ ಹತ್ತದಂತೆ ನುಸಿಗುಳಿಗೆ ಹಾಕವಾ ಅಂದೆ.

"ಹತ್ತಲಿ ಬಿಡ್ರಿ ಮಾಸ್ತರ. ಅದನ್ನ ತಗ್ಯೂ ಹೊತ್ತ ಬರೂದ ಬ್ಯಾಡ. ಗೆದ್ದಲ ತಿಂದ ಹೋಗ್ಲಿ."

ನಮ್ಮೂರ ರಸ್ತೆಯಲ್ಲಿ ಬೆಳಗಿನ ಐದಕ್ಕೆ ಇನ್ನೂ ಐದಾರು ಹುಡುಗರು ಭರ್ತಿಗೆಂದು ಓಡುತ್ತಿದ್ದಾರೆ. ಅವರ ಅವ್ವಂದಿರು ಇದನ್ನು ಓದುವುದಿಲ್ಲ, ಓದಿದವರು ಹೇಳಿರಿ. ಹುಡುಗನ ಟಿಸಿ, ತಮ್ಮ ಆಧಾರು, ಪಾಸ್‌ಬುಕ್ಕು ಮೂರನ್ನೂ ತಗೊಂಡು ಒಮ್ಮೆ ನಮ್ಮ ಹಿತ್ತಲ ಬೇಲಿಯ ಹತ್ತಿರ ಬರಲಿ. ಸಂಜೆ ಆರರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.