ಮೊಟ್ಟೆ ಬಚ್ಚಿಡಲು ಹುಲ್ಲೆಲ್ಲಿ?

ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವುದೋ ಒಂದು ಭಾನುವಾರ ಬರುತ್ತದೆ. ಈ ಲೆಕ್ಕ ಹಾಕಿದವರು ಖಂಡಿತ ಬಳ್ಳಾರಿ ಬಿಸಿಲು ಕಂಡವರಲ್ಲ. ತಂಪು ದೇಶಗಳಲ್ಲಿ ಅಂಗಳದ ಹುಲ್ಲಿನೊಳಗೆ ಚಾಕೊಲೇಟ್ ಮೊಟ್ಟೆ ಬಚ್ಚಿಟ್ಟು, ಮಕ್ಕಳನ್ನು ಹುಡುಕಲು ಬಿಡುತ್ತಾರೆ. ಬಳ್ಳಾರಿ ಸೀಮೆಯ ರೂಪನಗುಡಿಯಲ್ಲಿ ಆ ಹೊತ್ತಿಗೆ ಹುಲ್ಲೆಲ್ಲಿ? ಎರೆಹೊಲದ ಬಿರುಕಿನಲ್ಲಿಟ್ಟರೆ ಮೊಟ್ಟೆ ಸಿಗುವುದು ಮುಂಗಾರು ಬಿತ್ತನೆಗೇ. ಚಾಕೊಲೇಟಂತೂ ಹುಡುಕುವಷ್ಟರಲ್ಲಿ ಪಾಯಸ. ಕೋಳಿಮೊಟ್ಟೆ ಬೇಯಿಸಿ, ಬಣ್ಣ ಬಳಿದು ಇಡೋಣವೆಂದರೆ ಮೊದಲ ಬಹುಮಾನ ಬೀದಿನಾಯಿಗೆ.

ಹಾಗಾಗಿ ಹೊರಗಿನ ಆಟವೆಲ್ಲ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಚಮಚದಲ್ಲಿ ಮೊಟ್ಟೆ ಇಟ್ಟು ಓಡುವುದು ನಮಗೇನೂ ಹೊಸದಲ್ಲ. ಶಾಲೆಯಲ್ಲಿ ಲಿಂಬೆಹಣ್ಣಿನ ಚಮಚ ಕಚ್ಚಿಕೊಂಡು ಓಡಿದವರೇ ಎಲ್ಲರೂ. ನನ್ನ ಮತ ಲಿಂಬೆಗೇ. ಬಿದ್ದರೂ ಒಡೆಯದು, ಸೋತವರಿಗೆ ಪಾನಕಕ್ಕಾದರೂ ಆಗುತ್ತದೆ.

ಬಿಸಿಲೇರಿದ ಮೇಲೆ ಒಳಗೆ ಚೌಕಾಬಾರ. ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ಕಾಯಿಗೆ ಬಳೆಚೂರು, ಆಡಲು ನಾಲ್ಕು ಕವಡೆ. ಕವಡೆ ಇಲ್ಲವೇ? ಹುಣಸೆಬೀಜದ ಒಂದು ಮಗ್ಗುಲನ್ನು ನೆಲಕ್ಕೆ ತಿಕ್ಕಿ ತಿಕ್ಕಿ ಬಿಳಿ ಮಾಡಿ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಎರಡಕ್ಕೂ ಇನ್ನೊಂದು ಗರ. ಉಳಿದ ಕಾನೂನು ಆಯಾ ಮನೆಯ ಅಜ್ಜಿ ಹೇಳಿದಂತೆ.

"ಅಜ್ಜೀ, ಕಾಯಿ ಸರಿಸಿದಿ ನೋಡು!" ಎಂದು ಮೊಮ್ಮಗ ಕೂಗುತ್ತಾನೆ.

"ಏ, ನಾನೆಲ್ಲಿ ಸರಿಸಿದ್ನೋ? ಫ್ಯಾನಿನ ಗಾಳಿಗೆ ಸರಿದೈತಪ್ಪ."

ಕರೆಂಟು ಹೋಗಿ ಆಗಲೇ ಅರ್ಧ ಗಂಟೆಯಾಗಿರುತ್ತದೆ.