ಊಟ ಎಲ್ಲಿ ಅನ್ನೋದು ಆಮ್ಯಾಲ, ಯಾವತ್ತು ಬರ್ತಾರ ಹೇಳ್ರಿ

"ತಂಗಿ ಮಗ ಬೆಂಗಳೂರಿಂದ ಗೆಳೆಯಾರ್ನ ಕರ್ಕೊಂಡು ಸುರಪುರ ನೋಡ್ಲಾಕ ಬರ್ತಾನಂತ್ರಿ. ಇಲ್ಲಿ ಜವಾರಿ ಊಟ ಎಲ್ಲಿ ಛಲೋ ಸಿಗ್ತದ ಅಂತ ಕೇಳ್ಯಾನ. ಯಾವ ಹೋಟೆಲ್ ಹೇಳ್ಲಿ ಅಣ್ಣಾರ?" ಅಂತ ಪಕ್ಕದ ಮನೆಯ ಅಕ್ಕಾರು ಬೇಲಿಯ ಆಚೆಯಿಂದ ಕೇಳಿದರು.

ನಾನು ತಿರುಗಿ ಕೇಳಿದ್ದು ಒಂದೇ ಮಾತು: "ಯಾವತ್ತು ಬರ್ತಾರ?"

"ಯಾವತ್ತು ಬಂದ್ರೇನ್ರಿ? ಹಸಿವು ದಿನಾ ಇರ್ತದಲ್ಲ."

ಹಸಿವು ದಿನಾ ಇರುತ್ತದೆ, ನಿಜ. ಆದರೆ ಸುರಪುರ, ಶಹಾಪುರ, ಯಾದಗಿರಿ ಕಡೆಯ ಊಟ ದಿನಾ ಒಂದೇ ಥರ ಇರುವುದಿಲ್ಲ. ಇಲ್ಲಿ ಊಟ ಹುಡುಕುವವರು ಓಣಿ ಕೇಳುವ ಮೊದಲು ತಿಥಿ, ವಾರ, ಹೊತ್ತು ಕೇಳಬೇಕು. ಸೋಮವಾರ ಬಂದು ಕೋಳಿ ಸಾರು ಕೇಳಿದರೆ ಎಷ್ಟೋ ಮನೆಗಳಲ್ಲಿ ಒಲೆ ಹತ್ತುವುದಿಲ್ಲ. ಶ್ರಾವಣದಲ್ಲಂತೂ ಕೇಳುವುದೇ ಬೇಡ. ಬೇಸಿಗೆಯಲ್ಲಿ ಬಂದು ಸಜ್ಜೆ ರೊಟ್ಟಿ ಕೇಳಿದರೆ "ಮೈಗೆ ಉಷ್ಣ ಆಗ್ತದ, ಚಳಿಗಾಲದಾಗ ಬರ್ರಿ" ಅಂತ ಅಜ್ಜಿ ಗದರುತ್ತಾಳೆ. ಮಧ್ಯಾಹ್ನ ಮೂರು ಗಂಟೆಗೆ ಖಾನಾವಳಿ ಬಾಗಿಲಲ್ಲಿ ನಿಂತು ಬಿಸಿರೊಟ್ಟಿ ಕೇಳಿದರೆ ಡಬ್ಬಿಯೊಳಗಿನ ಖಡಕ್ ರೊಟ್ಟಿಯೇ ಗತಿ.

ಇದು ನಮ್ಮಲ್ಲಷ್ಟೇ ಇರುವ ಪದ್ಧತಿಯಲ್ಲ. ಇಟಲಿಯ ರೋಮ್ ಪಟ್ಟಣಕ್ಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ, ಅಲ್ಲಿನ ಹಳೇ ಊಟದ ಮನೆಗಳೂ ವಾರ ಹಿಡಿಯುತ್ತವೆ. ಗುರುವಾರ ಆಲೂಗಡ್ಡೆ ಮತ್ತು ಹಿಟ್ಟು ಕಲಸಿ ಮಾಡುವ ನ್ಯೋಕ್ಕಿ. ಶುಕ್ರವಾರ ಕ್ಯಾಥೊಲಿಕ್ ಕ್ರೈಸ್ತರು ಸಂಪ್ರದಾಯದಂತೆ ಮಾಂಸ ಬಿಡುವ ದಿನ, ಅವತ್ತು ಮೀನು. ಶನಿವಾರ ಟ್ರಿಪ್ಪ, ಅಂದರೆ ನಮ್ಮ ಬೋಟಿ. ಅಲ್ಲಿಯ ಟೆಸ್ಟಾಚ್ಚೊ ಎಂಬ ಓಣಿಯಲ್ಲಿ ಹಿಂದೆ ದೊಡ್ಡ ಕಸಾಯಿಖಾನೆ ಇತ್ತು. ಛಲೋ ಮಾಂಸ ಶ್ರೀಮಂತರ ಮನೆಗೆ ಹೋದರೆ ಕೆಲಸಗಾರರ ಪಾಲಿಗೆ ಕರುಳು, ಬಾಲ, ತಲೆ ಉಳಿಯುತ್ತಿತ್ತು. ಬಡವರ ಆ ಅಡುಗೆಯೇ ಇವತ್ತು ರೋಮ್‌ನ ಹೆಸರುವಾಸಿ ಊಟ.

"ಅವರೂ ನಮ್ಮಂಗೇ ವಾರ ಹಿಡೀತಾರೇನ್ರಿ!" ಅಕ್ಕಾರಿಗೆ ಖುಷಿಯಾಯಿತು. "ಹಂಗಾದ್ರ ಹೇಳ್ತೀನಿ ಕೇಳ್ರಿ. ಎಳ್ಳಮವಾಸಿ ಹಿಂದಾ ಮುಂದಾ ಬರ್ತೀನಿ ಅಂದಾನ."

"ಹಿಂದೂ ಬ್ಯಾಡ, ಮುಂದೂ ಬ್ಯಾಡ. ಎಳ್ಳಮವಾಸಿ ದಿನಾನೇ ಬಾ ಅನ್ರಿ."

ಅವತ್ತು ಸುರಪುರದ ಅತ್ಯಂತ ಛಲೋ ಊಟ ಸಿಗುವುದು ಊರೊಳಗಲ್ಲ, ಹೊಲದಲ್ಲಿ. ಯರಿ ಭೂಮಿಯಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ, ಪಕ್ಕದಲ್ಲಿ ಕಡಲೆ, ಕುಸುಬೆ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ಎಡೆಯ ಚರಗ ಚೆಲ್ಲಿದ ಮೇಲೆಯೇ ಉಣ್ಣುವುದು. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹುಗ್ಗಿ, ಅಂಬಲಿ, ನಾಲ್ಕೈದು ಥರದ ಹಿಂಡಿ. ಎಲ್ಲಕ್ಕೂ ಯಜಮಾನ ಭಜ್ಜಿ. ಬೆಂಗಳೂರು ಹುಡುಗರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂತ ತಿಳಿದಾರು, ಮೊದಲೇ ಹೇಳಿಡಬೇಕು. ನಮ್ಮ ಈ ಭಜ್ಜಿ ಆ ಕಾಲದಲ್ಲಿ ಹೊಲದಲ್ಲಿ ಏನೇನು ಹಸಿರಾಗಿ ಸಿಗುತ್ತದೋ ಅದೆಲ್ಲವನ್ನೂ ಕೂಡಿಸಿ ಕುದಿಸುವ ಪಲ್ಯ: ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆಕಾಯಿ, ಗಜ್ಜರಿ, ಮೆಂತೆ ಸೊಪ್ಪು, ಹುಣಸೆಯ ಹುಳಿ, ಗಟ್ಟಿ ಆಗಲಿ ಅಂತ ಕಡಲೆ ಹಿಟ್ಟು. ಯಾವ ಹೋಟೆಲ್ಲಿನವರೂ ಇದನ್ನು ವರ್ಷಪೂರ್ತಿ ಮಾಡಲಾರರು, ಮಾಡಿದರೂ ಆ ರುಚಿ ಬರುವುದಿಲ್ಲ. ಹಸಿ ತೊಗರಿ ಕಾಳು ಗಿಡದಲ್ಲಿರುವುದು ಕೆಲವೇ ವಾರ.

ಹೊಲಕ್ಕೆ ಹೋಗಲಿಕ್ಕೆ ಪರಿಚಯ ಬೇಕಲ್ಲ ಅಂತ ಅಕ್ಕಾರು ಅನುಮಾನಪಟ್ಟರು. ಎಳ್ಳಮವಾಸಿ ದಿನ ಹೊಲದ ಬದುವಿನ ಮೇಲೆ ನಡೆದುಹೋಗುವ ದಾರಿಹೋಕನನ್ನೂ ಕರೆದು ಉಣ್ಣಿಸುವ ಸೀಮೆ ಇದು. ಹುಡುಗರು ನಾಚಿಕೆ ಬಿಟ್ಟು ಕೂತರೆ ಸಾಕು. ಇನ್ನೂ ಕೆಲವು ದಿನ ಉಳಿಯುವುದಾದರೆ ಸೀತನಿಯ ಕಾಲವೂ ಶುರುವಾಗುತ್ತದೆ. ಎಳೇ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಉಜ್ಜಿ, ಹೊಟ್ಟು ಊದಿ, ಬೆಲ್ಲವೋ ಶೇಂಗಾ ಹಿಂಡಿಯೋ ಕೂಡಿಸಿ ಬಾಯಿಗೆ ಹಾಕಿಕೊಳ್ಳಬೇಕು. ಹಾಲು ತುಂಬಿದ ಆ ಕಾಳು ಬಲಿತು ಗಟ್ಟಿಯಾದರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ.

"ಅಮವಾಸಿಗೆ ಬರ್ಲಾಕ ಆಗ್ಲಿಲ್ಲ, ರಜೆ ಸಿಗ್ಲಿಲ್ಲ ಅಂದ್ರ?"

ಹಾಗಾದರೆ ಖಾನಾವಳಿ. ಸುರಪುರ, ಶಹಾಪುರಗಳಲ್ಲಿ ಬಸ್ ನಿಲ್ದಾಣದ ಸುತ್ತಮುತ್ತ ಹುಡುಕಬೇಕು. ಫಲಕ ನೋಡಿ ಒಳಗೆ ಹೋಗಬಾರದು, ಕಿವಿಗೊಟ್ಟು ಹೋಗಬೇಕು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ಅದೇ ಸರಿಯಾದ ಜಾಗ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆದರೆ ಬರುವ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಜಿಗಿ ಬರಿಸುತ್ತಾರೆ, ಬಿಸಿ ತಾಳಿಕೊಂಡು ಅಂಗೈಯಲ್ಲಿ ನಾದುತ್ತಾರೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯುತ್ತಾ ಹೋದರೆ ಅದು ತಾನೇ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು. ತಡವಾದರೆ ಒಣಹಿಟ್ಟು ಬೆಳ್ಳಗೆ ಅಂಟಿಕೊಂಡು ರೊಟ್ಟಿ ಬಿರಿಯುತ್ತದೆ. ಆ ನೀರು ಆರುವ ಹೊತ್ತಿಗೆ ತಿರುವಿಹಾಕಬೇಕು, ಆಗ ಉಬ್ಬುತ್ತದೆ. ಹಿಟ್ಟು ಹಳತಾಗಿದ್ದರೆ ಎಂಥ ಕೈಯಿದ್ದರೂ ಜಿಗಿ ಬರುವುದಿಲ್ಲ, ಅಂಚು ಸೀಳುತ್ತದೆ. ತಟ್ಟೆಗೆ ಬಂದ ರೊಟ್ಟಿಯ ಅಂಚು ನೋಡಿದರೆ ಆ ಮನೆಯ ಹಿಟ್ಟು ಯಾವಾಗಿನದು ಅಂತ ಹೇಳಬಹುದು.

ರೊಟ್ಟಿಯ ಜೊತೆ ಎಣ್ಣೆಗಾಯಿ ಎಲ್ಲರೂ ಕೇಳುತ್ತಾರೆ. ಆ ಹುಡುಗರು ಪುಂಡಿಪಲ್ಯ ಕೇಳಲಿ. ಹುಳಿ ಸೊಪ್ಪನ್ನು ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಆಯಿತು. ಅದರ ಮೇಲೆ ಹಸಿ ಕುಸುಬೆ ಎಣ್ಣೆ ಬಿಟ್ಟುಕೊಂಡರೆ ಇನ್ನೇನು ಬೇಕು! ಅವತ್ತಿನದಕ್ಕಿಂತ ಮರುದಿನದ ಪುಂಡಿಪಲ್ಯ ರುಚಿ. ತಂಗಳು ಇದೆಯಾ ಅಂತ ಕೇಳಲಿಕ್ಕೆ ಸಂಕೋಚ ಬೇಡ. ಮಡಿಕೆಕಾಳು, ಹಿಟ್ಟಿನ ಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತೆ ತಪ್ಪಲ, ಉಳ್ಳಾಗಡ್ಡಿ, ಗಟ್ಟಿ ಮೊಸರು ಇವೆಲ್ಲ ಕೇಳದೆಯೇ ಬರುತ್ತವೆ. ನಮ್ಮ ಊಟದಲ್ಲಿ ಜವಾರಿ ಅಂದುಕೊಂಡ ಎರಡು ವಸ್ತು, ಮೆಣಸಿನಕಾಯಿ ಮತ್ತು ಶೇಂಗಾ, ಅಮೆರಿಕ ಖಂಡದಿಂದ ಬಂದವು. ಇಟಲಿಯವರ ಟೊಮೆಟೊ ಬಂದದ್ದೂ ಅಲ್ಲಿಂದಲೇ. ಜೋಳವೂ ಮೂಲದಲ್ಲಿ ಆಫ್ರಿಕದ್ದು, ಆದರೆ ಅದು ಬಂದು ಸಾವಿರಾರು ವರ್ಷವಾಯಿತು. ಇನ್ನೂ ನೂರಾರು ವರ್ಷ ನಮ್ಮವರು ಕೈಯಾಡಿಸಿದರೆ ಇನ್ನೇನೇನು ನಮ್ಮದಾಗುತ್ತದೋ!

ಈಚೆಗೆ ತಟ್ಟೆಯಲ್ಲಿ ಅನ್ನ ಹೆಚ್ಚಾಗಿದೆ ಅಂತ ಅಕ್ಕಾರು ಅಂದರು. ಹೌದು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಆಯಿತು. ಕಾಲುವೆ ನೀರು ಸುರಪುರ, ಶಹಾಪುರ, ಹುಣಸಗಿ ಕಡೆ ಹರಿದ ಮೇಲೆ ಜೋಳದ ಹೊಲಗಳು ಗದ್ದೆಯಾದವು, ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಅದರಿಂದ ಅನೇಕ ಮನೆಗಳಿಗೆ ಕಾಸು ಬಂತು, ಅದನ್ನು ಅಲ್ಲಗಳೆಯಲಾರೆ. ಆದರೆ ಊಟಕ್ಕೆಂದು ದೂರದಿಂದ ಬರುವವರು ರೊಟ್ಟಿ ಬಿಟ್ಟು ಅನ್ನ-ಸಾಂಬಾರ್ ಉಂಡು ಹೋಗುವುದು ನನಗೆ ಸಂಕಟ. ಕೇಳುವವರು ಇದ್ದರೆ ತಾನೇ ಖಾನಾವಳಿಯವರು ಬಡಿಯುವುದು.

"ಅವನ ಗೆಳೆಯಾರು ಖಂಡ ತಿಂತಾರಂತ್ರಿ" ಅಂದರು ಅಕ್ಕಾರು, ದನಿ ತಗ್ಗಿಸಿ.

"ತಿನ್ಲಿ ಬಿಡ್ರಿ, ಅದಕ್ಕೂ ಇಲ್ಲಿ ಇತಿಹಾಸ ಅದ."

1858ರಲ್ಲಿ ಇಲ್ಲಿಯ ದೊರೆ ರಾಜಾ ವೆಂಕಟಪ್ಪನಾಯಕ ಇಂಗ್ಲಿಷರ ವಿರುದ್ಧ ಎದ್ದು ಸೋತ ಮೇಲೆ, 1860ರಲ್ಲಿ ಸುರಪುರ ಹೈದರಾಬಾದ್ ನಿಜಾಮರ ಪಾಲಾಯಿತು. 1948ರ ಸೆಪ್ಟೆಂಬರ್ ವರೆಗೂ ನಾವು ಆ ಸಂಸ್ಥಾನದವರೇ. ಅಡುಗೆಮನೆಗೆ ಅದರ ವಾಸನೆ ಹತ್ತದೆ ಇರುತ್ತದೆಯೇ? ಅಕ್ಕಿ, ಮಾಂಸ, ಮಸಾಲೆ ಒಂದೇ ಪಾತ್ರೆಯಲ್ಲಿ ಬೇಯುವ ತಹರಿ, ಮದುವೆ ಮನೆಯ ಬಗಾರಾ ಅನ್ನ ಮತ್ತು ದಾಲ್ಚಾ, ದಪ್ಪ ಹಾಲಿನ ಚಹಾ ಎಲ್ಲವೂ ಈಗ ನಮ್ಮವೇ. ಇವಕ್ಕೆ ಯಾದಗಿರಿ ಪೇಟೆ ವಾಸಿ. ಮುಂಬೈ–ಮದ್ರಾಸ್ ರೈಲುಮಾರ್ಗ 1871ರಲ್ಲಿ ಕೂಡಿಕೊಂಡಾಗಿನಿಂದ ಆ ಊರು ದಾರಿಹೋಕರಿಗೆ ಉಣ್ಣಿಸುತ್ತಾ ಬಂದಿದೆ. ಸಂಜೆ ಅಲ್ಲಿನ ಕೋಟೆ ಇಳಿದು ಬಂದವರಿಗೆ ಸುಸಲಾ, ಮಿರ್ಚಿ, ಒಂದು ಕಪ್ ಚಹಾ. ಸುಸಲಾಕ್ಕೆ ಚುರುಮುರಿ ನೆನೆಸುವಾಗ ಕೈ ಚುರುಕಾಗಿರಬೇಕು. ನೀರಲ್ಲಿ ಅದ್ದಿ ಕೂಡಲೇ ಹಿಂಡದಿದ್ದರೆ ಮುದ್ದೆಯಾಗುತ್ತದೆ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಪುಠಾಣಿ ಪುಡಿ. ಬೆಳಿಗ್ಗೆಯೂ ಸಿಗುತ್ತದೆ, ಆದರೆ ಮಿರ್ಚಿ ಬಾಣಲೆಯಿಂದ ಏಳುವ ಹೊತ್ತಿಗೆ ಹೋದವರೇ ಜಾಣರು.

ಖಂಡದ ಮಾತು ಬಂದಿತಲ್ಲ, ಒಂದು ಸಂಗತಿ ಹೇಳಿದೆ. ಹುಣಸಗಿ ಹತ್ತಿರ ಇಸಾಂಪುರ ಅಂತ ಒಂದು ಹಳ್ಳಿ. ಪುರಾತತ್ವಜ್ಞ ಕೆ. ಪದ್ದಯ್ಯನವರು ಅಲ್ಲಿ ಅಗೆಸಿದಾಗ ಆದಿಮಾನವರು ಸುಣ್ಣದ ಕಲ್ಲು ಒಡೆದು ಆಯುಧ ಮಾಡಿಕೊಳ್ಳುತ್ತಿದ್ದ ಜಾಗವೇ ಸಿಕ್ಕಿತು. ಜೊತೆಗೆ ಪ್ರಾಣಿಗಳ ಎಲುಬು, ಹಲ್ಲು. ದನದ ಜಾತಿಯ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಹಳೆಯವು ಅಂತ ಹೇಳಿದರು. ರೋಮ್ ಎಲ್ಲಿತ್ತು ಆಗ! ಅಕ್ಕಾರು ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು, "ಇದನ್ನ ಆ ಹುಡುಗ್ರಿಗೆ ನೀವೇ ಹೇಳ್ರಿ, ನನಗ ಬಾಯಿಗೆ ಬರಂಗಿಲ್ಲ" ಅಂದರು.

ದಾಸೋಹದ ಊಟ ಬಿಟ್ಟರೆ ಮಾತು ಅರ್ಧ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ ಜಾತ್ರೆ ಭಾರತ ಹುಣ್ಣಿಮೆ ಹೊತ್ತಿಗೆ. ಹಿಂದೂಗಳು, ಮುಸಲ್ಮಾನರು ಇಬ್ಬರೂ ನಡೆದುಕೊಳ್ಳುವ ಗುಡಿ ಅದು. ಜಾತ್ರೆಗೆ ಹೋಗುವವರು ಹೊಳೆದಂಡೆಯಲ್ಲೇ ಒಲೆ ಹೂಡುತ್ತಾರೆ, ಕಟ್ಟಿ ತಂದ ಖಡಕ್ ರೊಟ್ಟಿ ಮುರಿದು ಹಂಚಿಕೊಳ್ಳುತ್ತಾರೆ. ದಾಸೋಹದ ಸಾಲಿನಲ್ಲಿ ಕೂತಾಗ ಪಕ್ಕದವರು ನಿಮ್ಮ ತಟ್ಟೆಗೆ ಹುಗ್ಗಿ ಬಡಿಸುತ್ತಲೇ ಇರುತ್ತಾರೆ, ಸಾಕು ಅಂದಷ್ಟೂ ಬಡಿಸುತ್ತಾರೆ. ಸುರಪುರದೊಳಗೆ ವೇಣುಗೋಪಾಲಸ್ವಾಮಿ ಗುಡಿ ಮುಂದೆ ಎತ್ತರದ ಕಂಬ ಹತ್ತುವ ಸಂಭ್ರಮ ಗೋಕುಲಾಷ್ಟಮಿ ಹೊತ್ತಿಗೆ. ಆಗ ಬಂದವರಿಗೆ ಎಳ್ಳಮವಾಸಿಯ ಭಜ್ಜಿ ಇಲ್ಲ, ಶ್ರಾವಣದ ಹೋಳಿಗೆ, ಕಡಬು ಇದೆ.

"ಇಷ್ಟೆಲ್ಲ ಒಂದೇ ಸಲ ಆಗಂಗಿಲ್ರಿ ಅಣ್ಣಾರ. ಅಮವಾಸಿಗೇ ಬಾ ಅಂತೀನಿ. ಮರುದಿನಕ್ಕ ಏನು ಹೇಳ್ಲಿ?"

ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಸುರಪುರದ ಗುಡ್ಡ ಹತ್ತಲಿ. 1841ರಿಂದ ಸುಮಾರು ಹನ್ನೆರಡು ವರ್ಷ ಇಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಟೇಲರ್ ಮಂಜಿಲ್, ಅರಮನೆ ಎಲ್ಲ ನೋಡಿ ಇಳಿಯುವಷ್ಟರಲ್ಲಿ ಹೊಟ್ಟೆ ಕೇಳುತ್ತದೆ. ಒಂದು ಗಂಟೆಯೊಳಗೆ ಖಾನಾವಳಿಯಲ್ಲಿರಬೇಕು. ಎಷ್ಟು ಮಂದಿ ಅಂತ ಹಿಂದಿನ ಸಂಜೆಯೇ ಹೇಳಿಟ್ಟರೆ ರೊಟ್ಟಿ ಬಡಿಯುವ ತಾಯಂದಿರಿಗೆ ಅನುಕೂಲ, ಹಿಟ್ಟು ಅಂದಾಜಾಗುತ್ತದೆ. ಊಟವಾದ ಮೇಲೆ ಶಹಾಪುರ ದಾರಿ ಹಿಡಿಯಲಿ, ಮಲಗಿದ ಬುದ್ಧನ ಬೆಟ್ಟ ಹೆದ್ದಾರಿಯಿಂದಲೇ ಕಾಣುತ್ತದೆ. ಸಂಜೆಗೆ ಯಾದಗಿರಿ, ಸುಸಲಾ-ಮಿರ್ಚಿ, ರಾತ್ರಿ ರೈಲು.

"ಮತ್ತ ರೈಲಿನಾಗ ಏನು ತಿಂತಾರ?"

"ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡ್ರಿ ಅಕ್ಕಾರ. ಹಿಂಡಿ ನಮ್ಮನಿಯಿಂದ ಕಳಿಸ್ತೀನಿ, ರೊಟ್ಟಿ ನೀವು ಬಡೀರಿ."